ಎರಡೂ ಎಡಮುರಿ

ಆ ಬೆಳಗ್ಗೆ ಒಸ್ಮಾರಿನೊ ದೋಣಿಯ ಚುಕ್ಕಾಣಿಯನ್ನು ಮಗಳ ಕೈಗೆ ಕೊಟ್ಟ, ಸೋರೆಬುರುಡೆಯನ್ನು ಕೊಡಲಿಲ್ಲ. ಅದನ್ನು ತನ್ನ ಸೊಂಟದ ಹಗ್ಗಕ್ಕೇ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತ.

ಬುರುಡೆಯಲ್ಲಿ ಇದ್ದದ್ದು ಹುರಿದ ಮರಗೆಣಸಿನ ತರಿ, ನಾವು ಮೂರು ಹೊತ್ತೂ ಮೀನಿನ ಜೊತೆ ತಿನ್ನುವಂಥದ್ದೇ. ಆದರೆ ಈ ಬುರುಡೆಯದು ತಿನ್ನಲಿಕ್ಕಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಅದರಲ್ಲೂ ಮಾರ್ಚ್ ತಿಂಗಳಲ್ಲಿ, ಸಮುದ್ರ ನಮ್ಮ ಅರಗ್ವಾರಿ ನದಿಯೊಳಕ್ಕೆ ಒಂದೇ ಅಲೆಯಾಗಿ ನುಗ್ಗುತ್ತದೆ. ಈ ದಡದಿಂದ ಆ ದಡದವರೆಗೆ ಹರಡಿಕೊಂಡು, ನದಿಯನ್ನು ಹಿಂದಕ್ಕೆ ಮಡಚುತ್ತ ಮೇಲಕ್ಕೆ ಓಡುತ್ತದೆ. ಪೊರೊರೊಕ ಎಂದು ಅದರ ಹೆಸರು. ನೆಲದ ಮೇಲಿರುವಾಗ ಹಾಗೆ ಕರೆಯುತ್ತೇವೆ. ನೀರಿನ ಮೇಲೆ ಹೆಸರೆತ್ತುವುದಿಲ್ಲ, "ಆಕೆ" ಎನ್ನುತ್ತೇವೆ. ಆಕೆ ದಾಟಿ ಹೋದ ಮೇಲೆ ದೋಣಿಯ ಒಡೆಯ ಒಂದು ಹಿಡಿ ತರಿಯನ್ನು ನೀರಿಗೆ ಹಾಕಬೇಕು. ಬೇರೆ ಯಾರೂ ಹಾಕುವಂತಿಲ್ಲ. ಯಾರ ಕೈಯಿಂದ ತರಿ ಬಿತ್ತೋ ದೋಣಿ ಅವರದು ಎಂದು ಆಕೆ ಗುರುತಿಟ್ಟುಕೊಳ್ಳುತ್ತಾಳಂತೆ. ಆಕೆಯ ವಿಷಯ ನನಗೆ ಗೊತ್ತಿಲ್ಲ, ಊರಂತೂ ಹಾಗೆಯೇ ಗುರುತಿಟ್ಟುಕೊಳ್ಳುತ್ತದೆ.

ಒಸ್ಮಾರಿನೊನ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಪೂರ್ತಿ ಮುಚ್ಚಿತ್ತು, ಬಲಗಣ್ಣಿನಲ್ಲಿ ಬೆಳಕು ಮತ್ತು ಆಕಾರ ಮಾತ್ರ ಉಳಿದಿದ್ದವು. ದೋಣಿ ಬೇರೆಯವರ ಕೈಗೆ ಹೋಗಲೇಬೇಕಿತ್ತು. ಮಕಾಪಾ ಪಟ್ಟಣದಲ್ಲಿದ್ದ ಅಕ್ಕನ ಮಗ ಜೆರೊನ್ಸಿಯೊಗೆ ಕೊಡುತ್ತಾನೆಂದು ಊರಿನವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಮಗಳು ಜುಸೇಲಿಯಾ ಮಾತ್ರ ತೀರ್ಮಾನಿಸಿರಲಿಲ್ಲ. ಅವಳು ಹುಟ್ಟಿ ಬೆಳೆದದ್ದೇ ಆ ದೋಣಿಯ ಬಾಲದಲ್ಲಿ, ಎಂಜಿನ್ನಿನ ಎಣ್ಣೆಯ ವಾಸನೆಯಲ್ಲಿ. ಕುತಿಯಾಸ್ ಪೇಟೆಯಿಂದ ನದೀಮುಖದ ನಮ್ಮ ಹಳ್ಳಿಗೆ ಆ ದಿನ ಅವಳೇ ದೋಣಿ ನಡೆಸಲಿ ಎಂದು ಅಪ್ಪ ಒಪ್ಪಿದ್ದ. "ನಡ್ಸು, ನೋಡೋಣ. ಬುರುಡೆ ಮಾತ್ರ ಕೇಳ್ಬೇಡ," ಎಂದಿದ್ದ.

ದೋಣಿಯಲ್ಲಿ ನಾವು ನಾಲ್ಕೇ ಜನ. ಅಪ್ಪ, ಮಗಳು, ಊರಿನ ಶಾಲೆಯ ಮೇಷ್ಟ್ರಾದ ನಾನು, ಮತ್ತು ಬುಟ್ಟಿ ತುಂಬ ಕೋಳಿ ಹಿಡಿದು ಕೂತ ಫಿರ್ಮೀನಾ ಅಜ್ಜಿ. ನಾನು ಇದೇ ನದಿಯವನು. ಬೆಲೆಮ್‌ನಲ್ಲಿ ಭೌತಶಾಸ್ತ್ರ ಓದಿ ಮತ್ತೆ ಇಲ್ಲಿಗೇ ಬಂದವನು. ಜುಸೇಲಿಯಾ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು ಪಾಠಕ್ಕಿಂತ ನದಿಯನ್ನೇ ಹೆಚ್ಚು ನೋಡುತ್ತಿದ್ದ ಹುಡುಗಿ.

ನಮ್ಮ ಲೆಕ್ಕ ಎಂದಿನದೇ ಆಗಿತ್ತು. ಇಳಿತದ ಸೆಳವಿನ ಜೊತೆ ಕೆಳಗಿಳಿಯುವುದು, ಅಲೆ ಬರುವ ಹೊತ್ತಿಗೆ ಮಡುವಿನಲ್ಲಿ ನಿಂತುಕೊಳ್ಳುವುದು, ಆಕೆ ದಾಟಿದ ಮೇಲೆ ಊರಿನ ಕಡೆ ಹೊರಡುವುದು. ಅಲೆ ಒಡೆಯುವುದು ನೀರು ತೆಳುವಾಗಿರುವಲ್ಲಿ. ಆಳವಾದ ಮಡುವಿನ ಮೇಲೆ ಅದು ಒಡೆಯುವುದಿಲ್ಲ, ಉಬ್ಬಿ ದಾಟುತ್ತದೆ, ಅಷ್ಟೆ. ದಡಕ್ಕೆ ಹೋಗಿ ನಿಲ್ಲೋಣವೆಂದರೆ ಆಕೆ ದಡವನ್ನೇ ಮರಗಳ ಸಮೇತ ಕಿತ್ತುಕೊಂಡು ಹೋಗುತ್ತಾಳೆ. ಆದ್ದರಿಂದ ಈ ನದಿಯ ದೋಣಿಗಳಿಗೆಲ್ಲ ಮಡುವೇ ಮನೆ.

"ಬಲದಂಡೆ ಯಾಕೆ ಹಿಡಿದೆ?" ಎಂದ ಒಸ್ಮಾರಿನೊ. ಕಣ್ಣು ಕಾಣದಿದ್ದರೂ ದಡದ ಕಾಡಿನ ಸದ್ದು ಯಾವ ಕಿವಿಗೆ ಹತ್ತಿರ ಎಂಬುದರಿಂದ ಅವನಿಗೆ ಗೊತ್ತಾಗಿತ್ತು.

"ಎಡಗಡೆ ಹೂಳು ತುಂಬಿದೆ ಅಪ್ಪಾ. ನೀರು ಈಗ ಈ ಕಡೆ ಹರೀತಿದೆ."

"ನಾನು ನಿನ್ನ ವಯಸ್ಸಿಂದ ಎಡದಂಡೆ ಹಿಡ್ಕೊಂಡೇ ಇಳಿದಿದೀನಿ."

"ಆ ವಯಸ್ಸಿಂದ ಎಡಗಡೆ ಎಂಜಿನ್ನಿನ ಫ್ಯಾನೇ ಮುರಿದಿದೆ, ಅದೂ ಹೇಳು," ಎಂದಳು ಫಿರ್ಮೀನಾ ಅಜ್ಜಿ. "ಪ್ರತಿ ಮಳೆಗಾಲ ಒಂದು. ನಿನ್ನ ಹೆಂಡತಿ ಇದ್ದಾಗ ಬೈತಿದ್ಲು, ಈ ಗಂಡಸು ಕಬ್ಬಿಣ ತಿಂತಾನೋ ಏನೋ ಅಂತ."

"ಅಜ್ಜೀ, ನೀನು ಕೋಳಿ ನೋಡ್ಕೋ."

"ಕೋಳಿ ಸುಮ್ನಿವೆ ಕಣೋ. ನಿನ್ನಷ್ಟು ಕೊಕ್ಕೊಕ್ಕೋ ಅನ್ನಲ್ಲ ಅವು."

ಅಜ್ಜಿ ಹೇಳಿದ್ದು ನಿಜ. ಮೇಲಕ್ಕೆ ಹೋಗುವಾಗ ಒಸ್ಮಾರಿನೊ ಭರತದ ಜೊತೆ ನಡುನದಿಯಲ್ಲಿ ಹೋಗುತ್ತಿದ್ದ; ಇಳಿಯುವಾಗ ಎಡದಂಡೆಗೆ ಅಂಟಿಕೊಂಡೇ ಬರುತ್ತಿದ್ದ. ಅಲ್ಲಿ ಮುಳುಗಿದ ಮರಗಳು ಹೆಚ್ಚು. ಹಾಗಾಗಿ ಪೆಟ್ಟು ಬೀಳುತ್ತಿದ್ದದ್ದು ಯಾವಾಗಲೂ ಎಡ ಎಂಜಿನ್ನಿನ ಪ್ರೊಪೆಲ್ಲರಿಗೆ.

ಈ ದೋಣಿಯ ಹಿಂಬದಿಯಲ್ಲಿದ್ದದ್ದು ಜೋಡಿ ಎಂಜಿನ್. ಬಲಗಡೆಯದರ ಪ್ರೊಪೆಲ್ಲರ್ ಬಲಕ್ಕೆ ಸುತ್ತುತ್ತಿತ್ತು, ಎಡಗಡೆಯದು ಎಡಕ್ಕೆ. ಎರಡೂ ಒಂದೇ ಕಡೆಗೆ ಸುತ್ತಿದರೆ ದೋಣಿ ಪಕ್ಕಕ್ಕೆ ಎಳೆಯುತ್ತದೆ. ಎದುರುಬದುರಾಗಿ ಸುತ್ತಿದರೆ ಒಂದರ ಎಳೆತವನ್ನು ಇನ್ನೊಂದು ಅಳಿಸುತ್ತದೆ. ಅದಕ್ಕಾಗಿ ಅಲಗುಗಳ ತಿರುವೂ ಬೇರೆ ಬೇರೆ. ಶಂಖಗಳಲ್ಲಿ ಇರುವಂತೆ ಒಂದು ಬಲಮುರಿ, ಇನ್ನೊಂದು ಎಡಮುರಿ. ಎರಡನ್ನೂ ಅಕ್ಕಪಕ್ಕ ನೆಲದ ಮೇಲಿಟ್ಟು ನೋಡಿದರೆ ಒಂದು ಇನ್ನೊಂದರ ಕನ್ನಡಿಯ ಪ್ರತಿಬಿಂಬ. ಎಷ್ಟು ತಿರುಗಿಸಿದರೂ ಒಂದು ಇನ್ನೊಂದಾಗದು. ಮನುಷ್ಯನ ಎರಡು ಅಂಗೈಗಳ ಬಗ್ಗೆ ಯೋಚಿಸುವಾಗ ಆಗುವ ಸಣ್ಣ ಬೆರಗು ನನಗೆ ಆ ಪ್ರೊಪೆಲ್ಲರುಗಳನ್ನು ನೋಡುವಾಗಲೂ ಆಗುತ್ತಿತ್ತು.

ಪೆಟ್ಟು ಬಿದ್ದದ್ದು ಬಲಗಡೆ.

ಮೊದಲು ಕೆಳಗಿನಿಂದ ಮೊಂಡಾದ ಒಂದು ಸದ್ದು ಬಂತು. ಬಲ ಎಂಜಿನ್ ನೀರಿನಿಂದ ಜಿಗಿದು ಮತ್ತೆ ಬಿತ್ತು. ಆಮೇಲೆ ದೋಣಿಯಿಡೀ ಹಲ್ಲು ಕಡಿಯುವಂತೆ ನಡುಗತೊಡಗಿತು. ಜುಸೇಲಿಯಾ ತಕ್ಷಣ ಎಂಜಿನ್ ನಿಲ್ಲಿಸಿ ಮೇಲಕ್ಕೆತ್ತಿದಳು. ಮೂರು ಅಲಗುಗಳಲ್ಲಿ ಒಂದು ಬುಡದಿಂದಲೇ ಇರಲಿಲ್ಲ, ಇನ್ನೊಂದು ಎಲೆಯ ತುದಿಯಂತೆ ಮಡಚಿಕೊಂಡಿತ್ತು. ಹಿಂದೆ ಕಂದು ನೀರಿನಲ್ಲಿ ಕರಿಯ ದಿಮ್ಮಿಯೊಂದು ನಿಧಾನವಾಗಿ ಮಗ್ಗುಲಾಗಿ ಮುಳುಗಿತು.

"ಹೂಳಿಲ್ಲದ ಕಡೆ ಮರ ಇರುತ್ತೆ," ಎಂದ ಒಸ್ಮಾರಿನೊ. ಅದರಲ್ಲಿ ಕೋಪಕ್ಕಿಂತ ಸಮಾಧಾನವೇ ಹೆಚ್ಚಿತ್ತು. ಅದು ಮಗಳ ಮುಖವನ್ನು ಹೆಚ್ಚು ಕೆಂಪಾಗಿಸಿತು.

ಎಡ ಎಂಜಿನ್ ಒಂದರಿಂದಲೇ ದೋಣಿಯನ್ನು ಇಳಿತದಲ್ಲಿ ತಲೆಯೆತ್ತಿದ್ದ ಮರಳುದಿಬ್ಬವೊಂದಕ್ಕೆ ತಾಗಿಸಿದಳು. ಅಪ್ಪ ಮಗಳು ಇಬ್ಬರೂ ನೀರಿಗಿಳಿದರು. ನೆಲದಲ್ಲಿ ಮುಳ್ಳುಬಾಲದ ತೊರಕೆ ಮೀನು ಮಲಗಿರುತ್ತದೆಂದು ಪಾದವನ್ನು ಎತ್ತದೆ ಉಜ್ಜುತ್ತ ನಡೆದು ಹಿಂಬದಿಗೆ ಬಂದರು. ನಾನು ಮೇಲಿನಿಂದ ಸ್ಪ್ಯಾನರ್ ಕೊಟ್ಟೆ. ಒಸ್ಮಾರಿನೊ ಪಿನ್ನನ್ನು ಕಿತ್ತು ನಟ್ಟು ಬಿಚ್ಚಿದ. ಅವನ ಬೆರಳುಗಳಿಗೆ ಕಣ್ಣಿನ ಅಗತ್ಯವೇ ಇರಲಿಲ್ಲ.

"ಮೇಷ್ಟ್ರೇ, ಸೀಟಿನ ಕೆಳಗೆ ಗೋಣಿಚೀಲ ಇದೆ, ಹೊಸ ಫ್ಯಾನು ಕೊಡಿ."

ಗೋಣಿ ಬಿಚ್ಚಿದೆ. ಹೊಳೆಯುವ ಹೊಸ ಪ್ರೊಪೆಲ್ಲರ್. ಅಲಗುಗಳ ತಿರುವು ನೋಡಿದ ಕೂಡಲೇ ಏನೋ ತಪ್ಪಿದೆ ಅನ್ನಿಸಿತು. ಒಸ್ಮಾರಿನೊ ಅದನ್ನು ಕೈಗೆ ತೆಗೆದುಕೊಂಡು ಒಂದು ಅಲಗಿನ ಮೇಲೆ ಹೆಬ್ಬೆರಳು ಓಡಿಸಿದ. ಮತ್ತೊಮ್ಮೆ ಓಡಿಸಿದ.

"ಎಡಮುರಿ," ಎಂದಳು ಜುಸೇಲಿಯಾ.

ಯಾವಾಗಲೂ ಎಡಗಡೆಯದೇ ಮುರಿಯುತ್ತಿದ್ದರಿಂದ ಅವನು ಎಡಗಡೆಯದನ್ನೇ ತಂದಿಟ್ಟುಕೊಂಡಿದ್ದ. ಅಷ್ಟು ವರ್ಷಗಳಲ್ಲಿ ಬಲಗಡೆಯದು ಬೇಕಾಗಬಹುದೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

"ನಾನು ಎಡದಂಡೇಲಿ ಹೋಗೋನು. ನನಗೆ ಎಡದ್ದೇ ಬೇಕು. ನೀನು ಬಲಕ್ಕೆ ಹೋಗ್ತೀಯ ಅಂತ ನನಗೆ ಕನಸು ಬಿದ್ದಿತ್ತಾ?"

"ಜಗಳ ಊರಿಗೆ ಹೋದ್ಮೇಲೆ ಆಡಿ," ಎಂದಳು ಅಜ್ಜಿ. "ಈಗ ಆ ಹಕ್ಕಿಗಳನ್ನ ನೋಡಿ."

ಕೆಳಗಡೆಯಿಂದ ಬೆಳ್ಳಕ್ಕಿಗಳು ಗುಂಪುಗುಂಪಾಗಿ ಮೇಲ್ದಿಕ್ಕಿಗೆ ಹಾರಿ ಬರುತ್ತಿದ್ದವು. ಯಾವುದೂ ಕೂಗುತ್ತಿರಲಿಲ್ಲ. ಆಕೆ ಇನ್ನೂ ದೂರವಿದ್ದಳು, ಆದರೆ ಹೊರಟಿದ್ದಳು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎರಡೂ ಎಂಜಿನ್ ಇದ್ದಿದ್ದರೆ ಮೇಲಕ್ಕೆ ತಿರುಗಿ ಆಕೆಗಿಂತ ಜೋರಾಗಿ ಓಡಬಹುದಿತ್ತು. ಒಂದರಲ್ಲಿ ಅದು ಸಾಧ್ಯವೇ ಇರಲಿಲ್ಲ. ಮಡುವಿಗೆ ಹೋಗುವುದೂ ಅನುಮಾನ. ಹೋದರೂ ಬರುವ ಅಲೆಗೆ ಮುಖ ಕೊಟ್ಟು ನಿಲ್ಲಲು ಒಂದು ಪಕ್ಕದ ಎಂಜಿನ್ ಸಾಲದು. ದೋಣಿ ಅಡ್ಡ ತಿರುಗಿಬಿಡುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಆಕೆ ಚಾಪೆಯಂತೆ ಸುತ್ತುತ್ತಾಳೆ.

ಜುಸೇಲಿಯಾ ಎಡಮುರಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕಿಟಕಿಯ ಪಕ್ಕ ಕೂತು ನದಿ ನೋಡುತ್ತಿದ್ದ ಹುಡುಗಿಯ ಮುಖ ಅದೇ ಆಗಿತ್ತು.

"ಮೇಷ್ಟ್ರೇ, ಇದನ್ನ ಬಲ ಎಂಜಿನ್‌ಗೆ ಹಾಕಿದ್ರೆ ಏನಾಗುತ್ತೆ?"

"ಮುಂದಿನ ಗೇರಿಗೆ ಹಾಕಿದರೆ ದೋಣಿ ಹಿಂದಕ್ಕೆ ಹೋಗುತ್ತೆ."

"ಹಿಂದಿನ ಗೇರಿಗೆ ಹಾಕಿದರೆ?"

ನಾನು ಬಾಯಿ ತೆರೆದೆ, ಅವಳಾಗಲೇ ಪ್ರೊಪೆಲ್ಲರನ್ನು ದಂಡಕ್ಕೆ ಏರಿಸುತ್ತಿದ್ದಳು. ಹಿಂದಿನ ಗೇರಿನಲ್ಲಿ ದಂಡ ಎಡಕ್ಕೆ ತಿರುಗುತ್ತದೆ. ಎಡಕ್ಕೆ ತಿರುಗುವ ಎಡಮುರಿ ನೀರನ್ನು ಹಿಂದಕ್ಕೆ ತಳ್ಳುತ್ತದೆ, ದೋಣಿ ಮುಂದೆ ಹೋಗುತ್ತದೆ. ತಪ್ಪಿನ ಮೇಲೆ ಇನ್ನೊಂದು ತಪ್ಪು ಸೇರಿಸಿದರೆ ಸರಿಯಾಗುವ ಇಂಥ ಜಾಗಗಳು ಪ್ರಕೃತಿಯಲ್ಲಿ ಕಡಿಮೆ.

"ಹಿಂದಿನ ಗೇರಿಗೆ ಪೂರ್ತಿ ಜೋರು ಕೊಡಕ್ಕಾಗಲ್ಲ, ಅರ್ಧಕ್ಕೇ ನಿಲ್ಲುತ್ತೆ," ಎಂದ ಒಸ್ಮಾರಿನೊ. "ಗೇರಿನ ಹಲ್ಲು ಸವೆದಿದೆ. ಜೋರು ಕೊಟ್ರೆ ಜಾರುತ್ತೆ."

"ಅರ್ಧ ಸಾಕು ಅಪ್ಪಾ. ನಟ್ಟು ಬಿಗಿ ಮಾಡು."

ಅಪ್ಪ ಗೊಣಗುತ್ತಲೇ ಬಿಗಿ ಮಾಡಿ ಪಿನ್ನು ಮಡಚಿದ. ದೋಣಿಯನ್ನು ತಳ್ಳಿ ಹತ್ತಿದೆವು. ಜುಸೇಲಿಯಾ ಎರಡೂ ಎಂಜಿನ್ ಚಾಲೂ ಮಾಡಿ, ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಕೈ ಮರೆತಂತೆ, ಎರಡರ ಗೇರಿನ ಹಿಡಿಗಳನ್ನೂ ಒಟ್ಟಿಗೆ ಮುಂದಕ್ಕೆ ತಳ್ಳಿದಳು.

ದೋಣಿ ಒಂದು ಪಕ್ಕ ಮುಂದೆ, ಇನ್ನೊಂದು ಪಕ್ಕ ಹಿಂದೆ ಹೋಗಿ, ನಿಂತಲ್ಲೇ ಬುಗುರಿಯಂತೆ ತಿರುಗಿತು. ದಡ, ದಿಬ್ಬ, ಆಕಾಶ, ಮತ್ತೆ ದಡ. ಬುಟ್ಟಿಯ ಮುಚ್ಚಳ ಹಾರಿ ಕೋಳಿಯೊಂದು ಒಸ್ಮಾರಿನೊನ ತಲೆಯ ಮೇಲೆ ಕೂತಿತು.

"ಅಯ್ಯಯ್ಯೋ, ನನ್ನ ಮದುವೇಲೂ ನನ್ನನ್ನ ಯಾರೂ ಇಷ್ಟು ಕುಣಿಸಿರ್ಲಿಲ್ಲ ಕಣೇ!" ಎಂದು ಅಜ್ಜಿ ಕೂಗಿದಳು. ಜುಸೇಲಿಯಾ ಹಿಡಿಗಳನ್ನು ನಡುವಿಗೆ ತಂದು, ಅಳುವಿಗೂ ನಗುವಿಗೂ ನಡುವಿನ ಒಂದು ಸದ್ದು ಮಾಡಿದಳು. ಆಮೇಲೆ ಎಡದ ಹಿಡಿಯನ್ನು ಮುಂದಕ್ಕೆ ತಳ್ಳಿ, ಬಲದ್ದನ್ನು ಹಿಂದಕ್ಕೆಳೆದಳು.

ದೋಣಿ ಹೊರಟಿತು.

ಒಂದು ಹಿಡಿ ಮುಂದೆ, ಒಂದು ಹಿಡಿ ಹಿಂದೆ, ದೋಣಿ ಮಾತ್ರ ನೇರ. ಪೂರ್ತಿ ನೇರವಲ್ಲ, ಈಗ ಎರಡೂ ಎಡಮುರಿಗಳು ಒಂದೇ ಕಡೆ ಸುತ್ತುತ್ತಿದ್ದರಿಂದ ಮೂತಿ ಬಲಕ್ಕೆ ಎಳೆಯುತ್ತಿತ್ತು. ಜುಸೇಲಿಯಾ ಚುಕ್ಕಾಣಿಯನ್ನು ಸ್ವಲ್ಪ ಎಡಕ್ಕೆ ಒತ್ತಿ ಹಿಡಿದೇ ನಡೆಸಬೇಕಿತ್ತು. ಬಲದ ಹಿಡಿ ಜಾರುತ್ತದೆಂದು ಅಜ್ಜಿಯ ತಲೆವಸ್ತ್ರ ಇಸಕೊಂಡು ಅದನ್ನು ಹಿಂದಕ್ಕೆ ಬಿಗಿದು ಕಟ್ಟಿದಳು.

ನದಿ ತಿರುಗುವಲ್ಲಿ ಎರಡು ಗುರುತು ಒಟ್ಟಿಗೆ ಕಂಡವು. ಎಡಗಡೆ, ಹತ್ತಿರದಲ್ಲೇ, ದೊಡ್ಡ ಬೂರುಗದ ಮರ. ಅದರ ಕೆಳಗಿನ ಮಡುವಿನಲ್ಲಿ ಒಸ್ಮಾರಿನೊ, ಅವನ ಅಪ್ಪ, ಅವನಿಗೂ ಹಿಂದಿನವರು ಆಕೆಗಾಗಿ ಕಾದು ನಿಂತವರು. ಬಲಗಡೆ, ಇನ್ನಷ್ಟು ಕೆಳಗೆ, ನೆರೆಗಾಲದಲ್ಲಿ ಎಮ್ಮೆ ಕಟ್ಟುತ್ತಿದ್ದ, ಈಗ ಪಾಳುಬಿದ್ದ ಅಟ್ಟದ ಕಂಬಗಳು. ಅಲ್ಲಿ ಯಾರೂ ನಿಂತದ್ದಿಲ್ಲ.

"ಬೂರುಗ ಕಾಣ್ತಾ?" ಎಂದ ಒಸ್ಮಾರಿನೊ.

"ಕಾಣ್ತಿದೆ."

"ಹಾಗಾದ್ರೆ ಎಡಕ್ಕೆ ತಿರುಗಿಸು."

ಅವಳು ತಿರುಗಿಸಲಿಲ್ಲ. "ಅಪ್ಪಾ, ಆ ಮಡು ತುಂಬಿಹೋಗಿದೆ. ಎಮ್ಮೆಗಳು ತುಳಿದು ತುಳಿದು ಮೇಲ್ಗಡೆ ಕಾಲುವೆ ಕೊರೆದಿವೆ, ನೀರೆಲ್ಲ ಆ ಕಡೆ ಹೋಗಿ ಇಲ್ಲಿ ಮಣ್ಣು ಕೂತಿದೆ. ಹೋದ ಅಮಾವಾಸ್ಯೆ ಕಲ್ಲು ಕಟ್ಟಿ ಹಗ್ಗ ಬಿಟ್ಟು ನೋಡಿದೆ. ನಿನಗೆ ಹೇಳ್ದೆ. ನೀನು ನಕ್ಕೆ."

"ಈಗ್ಲೂ ನಗ್ತೀನಿ. ನನ್ನ ಅಪ್ಪ ನಿಂತ ಮಡು ಅದು."

"ಅಟ್ಟದ ಹತ್ರ ಹಗ್ಗಕ್ಕೆ ತಳ ಸಿಗಲಿಲ್ಲ ಅಪ್ಪಾ."

"ಅಷ್ಟು ದೂರ ಈ ಕುಂಟುಗುದುರೆ ಮೇಲೆ ಹೋಗ್ತೀಯಾ? ಆಕೆ ನಡುದಾರೀಲಿ ಸಿಕ್ರೆ?"

ಅವಳು ಬೂರುಗವನ್ನೂ ಅಟ್ಟವನ್ನೂ ಕಣ್ಣಲ್ಲೇ ಅಳೆದಳು. ಅಲೆಯ ವೇಗ ಆಳದ ಮೇಲೆ ನಿಂತಿದೆ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಸೂತ್ರ ಗೊತ್ತು, ಆಳ ಗೊತ್ತಿಲ್ಲ. ಹತ್ತಿರದ ಹಳೆಯ ಮಡುವಿನಲ್ಲಿ ಮಣ್ಣಿದ್ದರೆ ಸತ್ತೆವು. ದೂರದ ಹೊಸ ಮಡು ಸೇರುವ ಮೊದಲು ಆಕೆ ಬಂದರೂ ಸತ್ತೆವು.

"ಇವತ್ತು ಚುಕ್ಕಾಣಿ ನಂದು ಅಂತ ನೀನೇ ಅಂದಿದ್ದೆ," ಎಂದಳು ಜುಸೇಲಿಯಾ. ದನಿ ಸಣ್ಣದಿತ್ತು.

"ಚುಕ್ಕಾಣಿ ನಿಂದು. ದೋಣಿ ನಿಂದಲ್ಲ," ಎಂದ ಅಪ್ಪ. ಆಮೇಲೆ ಮುಖವನ್ನು ಬೂರುಗದ ಕಡೆಗೆ ತಿರುಗಿಸಿಕೊಂಡು ಕೂತ. ಅವಳು ಮೂತಿಯನ್ನು ಬಲಕ್ಕೆ ಬಿಟ್ಟಳು. ದೋಣಿಯೂ ತಾನಾಗಿ ಆ ಕಡೆಗೇ ಎಳೆಯುತ್ತಿದ್ದುದರಿಂದ ಅದೇ ಆರಿಸಿಕೊಂಡಂತೆ ಕಂಡಿತು.

ನಾನು ಮುಂಭಾಗಕ್ಕೆ ಹೋಗಿ ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಡುತ್ತ ಕೂತೆ. ತಳ ಸಿಕ್ಕಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಬಿಟ್ಟೆ. ಮತ್ತೆ ತಳ, ಇನ್ನೂ ಮೇಲೆ. ಮರಳುದಿಬ್ಬದ ಬೆನ್ನು ದಾಟುತ್ತಿದ್ದೆವು. ಪ್ರೊಪೆಲ್ಲರುಗಳ ಹಿಂದೆ ನೀರು ಕೆಸರಾಗಿ ಕದಡಿತು. ಜುಸೇಲಿಯಾ ಎಂಜಿನ್ನುಗಳನ್ನು ಒಂದಿಷ್ಟು ಮೇಲೆತ್ತಿ, ತುಟಿ ಕಚ್ಚಿ ದಾಟಿಸಿದಳು. ಮತ್ತೊಮ್ಮೆ ಕಲ್ಲು ಬಿಟ್ಟೆ. ಹಗ್ಗ ಕೈಯಿಂದ ಓಡಿತು, ಓಡಿತು, ಕೊನೆಯ ಗಂಟು ಬೆರಳಿಗೆ ಬಂದು ನಿಂತಿತು. ಕಲ್ಲು ಕೆಳಗೆಲ್ಲೋ ತೂಗುತ್ತಲೇ ಇತ್ತು.

"ತಳ ಇಲ್ಲ," ಎಂದೆ.

"ಅಟ್ಟದ ಕಂಬಗಳು?" ಎಂದ ಒಸ್ಮಾರಿನೊ, ಆ ಕಡೆ ತಿರುಗದೆಯೇ.

"ಪಕ್ಕದಲ್ಲೇ ಇವೆ ಅಪ್ಪಾ."

ಅವಳು ದೋಣಿಯ ಮೂತಿಯನ್ನು ಕೆಳಕ್ಕೆ, ಸಮುದ್ರದ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದಳು. ಬಲದ ಹಿಡಿಯ ತಲೆವಸ್ತ್ರ ಬಿಚ್ಚಿದಳು. ಈಗ ಜೋರನ್ನು ಗಳಿಗೆಗಳಿಗೆಗೂ ಹೆಚ್ಚು ಕಡಿಮೆ ಮಾಡಬೇಕಿತ್ತು.

ಆಮೇಲೆ ನದಿ ನಿಂತಿತು.

ಇಳಿತದ ಕೊನೆಯಲ್ಲಿ ಹಾಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಎಷ್ಟೋ ಸಲ ನೋಡಿಯೂ ಇದ್ದೆ. ಆದರೂ ಆ ಅಗಲದ ನೀರು ಉಸಿರು ಕಟ್ಟಿ ನಿಂತಾಗ ನಾನು ದೋಣಿಯ ಅಂಚನ್ನು ಹಿಡಿದುಕೊಂಡೆ. ತೇಲುತ್ತಿದ್ದ ಎಲೆಯೊಂದು ದೋಣಿಯ ಪಕ್ಕದಲ್ಲಿ ಯಾವ ಕಡೆ ಹೋಗಲೆಂದು ಕೇಳುವಂತೆ ನಿಂತಿತ್ತು. ಕಾಡಿನಲ್ಲಿ ಜೀರುಂಡೆಯೂ ಇಲ್ಲ. ಕೋಳಿಗಳು ಬುಟ್ಟಿಯೊಳಗೆ ಒಂದನ್ನೊಂದು ಒತ್ತಿಕೊಂಡು ಕೂತಿದ್ದವು. ಫಿರ್ಮೀನಾ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡಳು.

ಸದ್ದು ಮೊದಲು ದೋಣಿಯ ತಳದಿಂದ, ಅಂಗಾಲಿಗೆ ಬಂತು. ಆಮೇಲೆ ಕಿವಿಗೆ. ಗುಡುಗಿನ ಸದ್ದೇ, ಆದರೆ ಗುಡುಗು ಮುಗಿಯುತ್ತದೆ, ಇದು ಮುಗಿಯಲಿಲ್ಲ. ಕೆಳಗೆ ನದಿ ಮತ್ತೆ ತಿರುಗುವಲ್ಲಿ, ನೀರಿನ ಅಂಚಿನ ಮೇಲೆ ಒಂದು ಬಿಳಿಯ ಗೆರೆ ಮೂಡಿತು. ಸ್ವಲ್ಪ ಹೊತ್ತು ಅದು ಗೆರೆಯಾಗಿಯೇ ಇತ್ತು. ಆಮೇಲೆ ಅದಕ್ಕೆ ಎತ್ತರ ಬಂತು.

ಎರಡೂ ದಂಡೆಗಳಲ್ಲಿ ಆಕೆ ಒಡೆಯುತ್ತ ಬರುತ್ತಿದ್ದಳು. ಕಂದು ನೀರು ಬಿಳಿಯಾಗಿ ಉರುಳುತ್ತಿತ್ತು, ಮರಗಳು ಬೇರಿನ ಸಮೇತ ಮೊದಲು ಬಾಗಿ ಆಮೇಲೆ ಕಾಣೆಯಾಗುತ್ತಿದ್ದವು. ಆದರೆ ನಮ್ಮ ಎದುರಿಗೆ, ಆಳದ ನೇರದಲ್ಲಿ, ಬಿಳಿ ಇರಲಿಲ್ಲ. ಅಲ್ಲಿ ಆಕೆ ಕಪ್ಪಾಗಿ, ನುಣುಪಾಗಿ, ಮಿಕ್ಕ ಭಾಗಕ್ಕಿಂತ ಮುಂದಾಗಿ ಬರುತ್ತಿದ್ದಳು. ನಡುವಿನಲ್ಲಿ ಹಿಡಿದೆಳೆದ ಪರದೆಯ ಹಾಗೆ. ಆಳ ಹೆಚ್ಚಿದ್ದಲ್ಲಿ ಅಲೆಯ ವೇಗ ಹೆಚ್ಚು. ಕಪ್ಪು ಹಲಗೆಯ ಮೇಲೆ ನಾನು ಬರೆಯುತ್ತಿದ್ದ ಗೆರೆ ಇಷ್ಟಗಲದ ನೀರಾಗಿ, ಚಂದ್ರನ ಎಳೆತ ಹೊತ್ತುಕೊಂಡು, ನನ್ನ ಕಡೆಗೇ ನಡೆದು ಬರುತ್ತಿತ್ತು. ಇಷ್ಟು ದಿನ ನಾನು ಹೇಳಿದ್ದು ನಿಜ ಎಂಬುದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲವೇನೋ ಅನ್ನಿಸಿತು.

"ಹಿಡ್ಕೊಳ್ಳಿ," ಎಂದಳು ಜುಸೇಲಿಯಾ, ಮೆಲ್ಲಗೆ.

ನದಿ ನಮ್ಮನ್ನು ಎತ್ತಿತು. ಮಲಗಿದ ಮಗುವನ್ನು ಎದ್ದೇಳದಂತೆ ಎತ್ತಿಕೊಳ್ಳುತ್ತಾರಲ್ಲ, ಹಾಗೆ. ಒಂದು ತೊಟ್ಟು ನೀರು ಒಳಗೆ ಬೀಳಲಿಲ್ಲ. ಅಷ್ಟೆತ್ತರದಿಂದ ಒಂದು ಗಳಿಗೆ ಎಲ್ಲ ಕಂಡಿತು. ಮೇಲಿನ ನದಿ, ಕೆಳಗಿನ ನದಿ, ಎರಡರ ನಡುವಿನ ಮೆಟ್ಟಿಲು, ಆ ಮೆಟ್ಟಿಲ ಮೇಲೆ ನಾವು. ಆಮೇಲೆ ಇಳಿದೆವು.

ಆಗಲೇ ಎಡಗಡೆಯಿಂದ ಸಿಡಿಲು ಬಡಿದಂತೆ ಸದ್ದಾಯಿತು. ಬೂರುಗದ ಕೆಳಗೆ, ಹಳೆಯ ಮಡುವಿದ್ದ ಜಾಗದಲ್ಲಿ, ಆಕೆ ಗೋಡೆಯಾಗಿ ಎದ್ದು ಮುರಿದು ಬಿದ್ದಳು. ನೊರೆ ಮರದ ಕೊಂಬೆಗಳವರೆಗೆ ಹಾರಿತು. ಅಷ್ಟು ಹಳೆಯ ಮರ ಒಮ್ಮೆ ತಲೆಯಾಡಿಸಿ, ದಡದ ಜೊತೆಯಲ್ಲೇ ನದಿಗೆ ಕುಸಿಯಿತು. ಒಸ್ಮಾರಿನೊ ಎದ್ದು ನಿಂತಿದ್ದ. ಬೆಳಕು ಮತ್ತು ಆಕಾರ ಮಾತ್ರ ಕಾಣುತ್ತಿದ್ದ ಆ ಕಣ್ಣಿಗೆ ಅಷ್ಟು ಬಿಳಿ ಸಾಕಾಗಿತ್ತು.

"ಅಲ್ಲೇನು?" ಎಂದ. ಮುಖವನ್ನು ಬೂರುಗವಿದ್ದ ಕಡೆಗೇ ಹಿಡಿದಿದ್ದ. "ನಮ್ಮ ಮಡು ಇದ್ದಲ್ಲೇನಾ ಅದು?"

ಆಕೆಯ ಹಿಂದೆ ಮರಿಯಲೆಗಳು ಸಾಲಾಗಿ ಬರುತ್ತವೆ. ಮೊದಲಿನದಕ್ಕೆ ಜುಸೇಲಿಯಾ ನೇರ ಮುಖ ಕೊಟ್ಟಳು. ಎರಡನೆಯದು ಏರುವಾಗ ಬಲದ ಹಿಡಿ ಕಟಕ್ಕೆಂದು ಜಾರಿ ನಡುವಿಗೆ ಬಂತು. ಬಲ ಎಂಜಿನ್ ಭಾರವಿಲ್ಲದೆ ಕಿರುಚಿತು. ಎಡದ ಎಂಜಿನ್ ಒಂದೇ ತಳ್ಳುತ್ತಿದ್ದರಿಂದ ಮೂತಿ ಬಲಕ್ಕೆ ಹೊರಳತೊಡಗಿತು. ಅವಳು ಎರಡೂ ಕೈಯಲ್ಲಿ ಚುಕ್ಕಾಣಿಯನ್ನು ಎಡಕ್ಕೆ ತಿರುವಿ ಹಿಡಿದಿದ್ದಳು; ಬಿಟ್ಟರೆ ದೋಣಿ ಅಡ್ಡವಾಗುತ್ತಿತ್ತು. ನಾನು ಮುಂಭಾಗದಲ್ಲಿ ಹಗ್ಗ ಸುತ್ತಿಕೊಂಡು ಬಿದ್ದಿದ್ದೆ.

"ಅಪ್ಪಾ!"

ಅವನಿಗೆ ಏನೂ ಹೇಳಬೇಕಾಗಿರಲಿಲ್ಲ. ಎಂಜಿನ್ನಿನ ದನಿ ಕೇಳಿದ್ದೇ ಸಾಕು. ಸೀಟುಗಳ ಮೇಲಿಂದ ನೆಗೆದು ಬಂದು, ತಡಕಾಡದೆ ಹಿಡಿಯನ್ನು ಹಿಡಿದು ಹಿಂದಕ್ಕೆಳೆದು, ಎದೆಯನ್ನು ಅದಕ್ಕೆ ಆನಿಸಿ ನಿಂತ. ಹಲ್ಲುಗಳು ಮತ್ತೆ ಕಚ್ಚಿಕೊಂಡವು. ಮೂತಿ ನಿಧಾನವಾಗಿ, ತುಂಬ ನಿಧಾನವಾಗಿ, ಅಲೆಯ ಕಡೆಗೆ ಬಂತು.

"ಎಷ್ಟು ಕೊಡ್ಲಿ?" ಎಂದ.

"ಇನ್ನೂ ಸ್ವಲ್ಪ. ಸಾಕು. ಈಗ ಕಮ್ಮಿ."

"ಕಮ್ಮಿ ಮಾಡ್ದೆ."

"ಇನ್ನೊಂದು ಬರ್ತಿದೆ. ಈಗ ಕೊಡು, ಕೊಡು, ಹಾಂ!"

ಅವಳು ನೋಡುತ್ತಿದ್ದಳು, ಅವನು ಎಳೆಯುತ್ತಿದ್ದ. ಅವಳು ಹೇಳಿದ್ದಕ್ಕೆ ಅವನು ಒಮ್ಮೆಯೂ "ಯಾಕೆ" ಎನ್ನಲಿಲ್ಲ. ಮರಿಯಲೆಗಳು ಒಂದೊಂದಾಗಿ ಕುಗ್ಗುತ್ತ ಹೋದವು. ಕೊನೆಗೆ ದೋಣಿ ತೂಗುವುದಷ್ಟೇ ಉಳಿಯಿತು. ಗುಡುಗು ಮೇಲ್ದಿಕ್ಕಿಗೆ, ಕುತಿಯಾಸ್ ಕಡೆಗೆ ಹೊರಟುಹೋಯಿತು. ಸುತ್ತಲೂ ಇಡೀ ನದಿ ತಾನು ಬಂದ ಕಡೆಗೇ ಹರಿಯುತ್ತಿತ್ತು, ನೊರೆ, ಕೊಂಬೆ, ಹುಲ್ಲುಗಡ್ಡೆ ಎಲ್ಲವನ್ನೂ ಹೊತ್ತುಕೊಂಡು.

ಅಜ್ಜಿಯ ಕಣ್ಣಲ್ಲಿ ನೀರಿತ್ತು. "ಇಷ್ಟು ವಯಸ್ಸಾಯ್ತು," ಎಂದಳು ಕೊನೆಗೆ, "ಒಂದ್ಸಲಾನೂ ಆಕೆನ ಕಣ್ತುಂಬ ನೋಡಿರ್ಲಿಲ್ಲ. ಯಾವಾಗ್ಲೂ ಕಣ್ಣು ಮುಚ್ಕೊಂಡಿರ್ತಿದ್ದೆ."

ಬಲದ ಹಿಡಿಯನ್ನು ಈಗ ಬಿಡಬಹುದಿತ್ತು. ಜೋರಿನ ಅಗತ್ಯವಿರಲಿಲ್ಲ, ಜಾರಿದರೂ ಏನೂ ಆಗುತ್ತಿರಲಿಲ್ಲ. ಅದು ಒಸ್ಮಾರಿನೊಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದೇ ನಿಂತಿದ್ದ.

"ತರಿ ಹಾಕ್ಬೇಕು," ಎಂದ.

"ಹಾಕು ಅಪ್ಪಾ."

"ನನ್ನ ಕೈ ಖಾಲಿ ಇಲ್ಲ. ಕಾಣಲ್ವಾ ನಿಂಗೆ?" ಸೊಂಟವನ್ನು ಅವಳ ಕಡೆಗೆ ತಿರುಗಿಸಿದ. "ಗಂಟು ಎಡಗಡೆ ಇದೆ. ಬಿಚ್ಕೋ."

ಜುಸೇಲಿಯಾ ಚುಕ್ಕಾಣಿಯಿಂದ ಒಂದು ಕೈ ತೆಗೆದಳು. ಒಂದೇ ಕೈಯಾದ್ದರಿಂದ ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಅಪ್ಪ ಕಾದ. ಬುರುಡೆಯಿಂದ ಒಂದು ಹಿಡಿ ತರಿ ತೆಗೆದು, ದೋಣಿಯ ಅಂಚಿನಿಂದ ಆಚೆ ಬಾಗಿ, ಕೈ ಬಿಚ್ಚಿದಳು. ಹಳದಿ ತರಿ ಕಂದು ನೀರಿನ ಮೇಲೆ ಹರಡಿ ತೇಲತೊಡಗಿತು.

"ಯಾವ ಕಡೆ ಹೋಯ್ತು?" ಎಂದು ಒಸ್ಮಾರಿನೊ ಕೇಳಿದ.

"ಮೇಲಕ್ಕೆ ಅಪ್ಪಾ," ಎಂದಳು. "ಆಕೆ ಹಿಂದೇನೇ."

ಅವನು ತಲೆಯಾಡಿಸಿದ. ಹಿಡಿ ಬಿಡಲಿಲ್ಲ. ಊರು ಸೇರುವವರೆಗೂ ಹಾಗೆಯೇ, ಅವಳ ಪಕ್ಕದಲ್ಲಿ ನಿಂತು, ಬಲದ ಎಂಜಿನ್ನನ್ನು ಹಿಂದಕ್ಕೆ ಹಿಡಿದು ದೋಣಿಯನ್ನು ಮುಂದಕ್ಕೆ ಕಳಿಸುತ್ತಿದ್ದ.